ಅತ್ತೆಯ ಕಲ್ಲಂಗಡಿ

ನಮ್ಮ ಅತ್ತೆಯಷ್ಟು ಕೆಟ್ಟ ವ್ಯಾಪಾರಿ ಇಡೀ ಶಹಾಬಾದ ಸೀಮೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ಅಭಿಮಾನದಿಂದಲೇ ಹೇಳುತ್ತಿದ್ದೇನೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. (ಗಂಡನ ತಾಯಿಯ ಬಗ್ಗೆ ಹೀಗೆ ಬರೆದು ಅದೇ ಮನೆಯಲ್ಲಿ ಊಟ ಮಾಡುವ ಧೈರ್ಯ ಯಾರಿಗಿದೆ!) ಭಂಕೂರದಲ್ಲಿ ಅತ್ತೆಯದೊಂದು ಅಂಗಡಿ ಇದೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನದು. ಅಂಗಡಿ ಎಂದಕೂಡಲೇ ಗಾಜಿನ ಬಾಗಿಲು, ತಣ್ಣನೆಯ ಗಾಳಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ರಸ್ತೆಗೆ ಹತ್ತಿದ ಒಂದು ಬಯಲು, ತಗಡಿನ ಶೆಡ್ಡು, ಅದರೊಳಗೆ ಎರಡು ಪಾಲಿಶ್ ಮಿಷಿನ್, ಗೋಡೆಗೆ ಒರಗಿಸಿಟ್ಟ ಕಲ್ಲುಗಳ ಸಾಲು, ಬೇವಿನ ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ತುಂಬ ಅತ್ತೆ.

ಆಕೆಯ ಗಂಡ, ಅಂದರೆ ನಮ್ಮ ಮಾಮಾ, ತೀರಿಕೊಂಡ ಮೇಲೆ ಹದಿನೈದು ವರ್ಷಗಳಿಂದ ಆಕೆಯೇ ವ್ಯಾಪಾರ ನೋಡಿಕೊಂಡು ಬಂದಿದ್ದಾಳೆ. ಹೇಗೆ ಎನ್ನುತ್ತೀರಾ? ಒಂದು ಉದಾಹರಣೆ ಹೇಳುತ್ತೇನೆ. ವಾಡಿಯಿಂದ ಒಬ್ಬ ಗಿರಾಕಿ ಬಂದು ಬಚ್ಚಲಿಗೆ ಕನ್ನಡಿಯಂಥ ಪಾಲಿಶ್ ಕಲ್ಲು ಬೇಕೆಂದ. ಬೇರೆ ಯಾರಾದರೂ ಆಗಿದ್ದರೆ ಆ ಮಾತು ಮುಗಿಯುವುದರೊಳಗೆ ಕಲ್ಲು ಗಾಡಿಗೆ ಏರಿರುತ್ತಿತ್ತು. ಅತ್ತೆ ಕೇಳಿದಳು, "ಮನ್ಯಾಗ ವಯಸ್ಸಾದೋರು ಅದಾರೇನಪ್ಪ?"

"ನಮ್ಮ ಅವ್ವ ಅದಾಳ್ರಿ."

"ಅವ್ವನ ಮ್ಯಾಲ ನಿನಗೇನ್ ಸಿಟ್ಟದ?"

ಗಿರಾಕಿ ಕಕ್ಕಾಬಿಕ್ಕಿ! ನೀರು ಬಿದ್ದರೆ ಪಾಲಿಶ್ ಕಲ್ಲು ಹೇಗೆ ಜಾರುತ್ತದೆ, ಮುದುಕರ ಸೊಂಟದ ಎಲುಬು ಮುರಿದರೆ ಏನಾಗುತ್ತದೆ ಎಂದು ಅರ್ಧ ತಾಸು ಪಾಠವಾಯಿತು. ಕೊನೆಗೆ ಆತ ಅದರ ಅರ್ಧ ಬೆಲೆಯ ಒರಟು ಕಲ್ಲು ಹೇರಿಕೊಂಡು ಹೋದ.

ಅತ್ತೆಗೆ ಇನ್ನೊಂದು ಅಭ್ಯಾಸವಿದೆ. ಎಲ್ಲಿ ಕಲ್ಲು ಕಂಡರೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಾಳೆ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು. ನನ್ನ ಮದುವೆಗೆ ಮೊದಲು ವರನ ಮನೆ ನೋಡಲು ಹಿರಿಯರೆಲ್ಲ ಹೋಗಿದ್ದರು. ಎಲ್ಲರೂ ಹುಡುಗನನ್ನು ನೋಡುತ್ತಿದ್ದರೆ ಅತ್ತೆ ಕುಳಿತಲ್ಲೇ ನೆಲ ಬಡಿಯುತ್ತಿದ್ದಳಂತೆ. ಹೊರಗೆ ಬಂದ ಮೇಲೆ ನಮ್ಮಪ್ಪ, "ಅಕ್ಕಾ, ಹುಡುಗ ಹ್ಯಾಂಗದಾನ?" ಎಂದು ಕೇಳಿದರೆ, "ಹುಡುಗಂದು ನನಗ ತಿಳೀಲಿಲ್ಲ. ನೆಲ ಮಾತ್ರ ಟೊಳ್ಳ ಅದ" ಎಂದಳಂತೆ! ಮದುವೆಯಾಗಿ ಮೂರನೆಯ ವರ್ಷ ಪಡಸಾಲೆಯ ನೆಲ ಕುಸಿಯಿತು. ಹುಡುಗ ಇನ್ನೂ ಗಟ್ಟಿಯಾಗಿದ್ದಾರೆ, ಅದು ಬೇರೆ ಮಾತು.

ಇಂಥ ಅತ್ತೆ ಒಂದು ದಿನ ಮಧ್ಯಾಹ್ನ ಚಿತ್ತಾಪುರದ ನನ್ನ ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ನನ್ನದು ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಬೆಳಿಗ್ಗೆ ಮಕ್ಕಳಿಗೆ ಕ್ಲಾಸು, ಆಮೇಲೆ ಅರ್ಜಿ ತುಂಬಿಸುವುದು, ನಡುನಡುವೆ ಯಾರಾದರೂ ಕೇಳಿದರೆ ಅವರ ಅಂಗಡಿಗೋ ಶಾಲೆಗೋ ಒಂದು ವೆಬ್‌ಸೈಟು ಮಾಡಿಕೊಡುವುದು. ಅತ್ತೆಯ ಎರಡೂ ಕೈಯಲ್ಲಿ ಗೋಣಿಚೀಲ, ಚೀಲದಲ್ಲಿ ಆರು ಬಗೆಯ ಕಲ್ಲು! ಭಂಕೂರದಿಂದ ಎರಡು ಬಸ್ ಬದಲಿಸಿ ಹೊತ್ತು ತಂದಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದ್ದರೂ ಕಂಡಕ್ಟರ್ ಕಲ್ಲಿನ ಚೀಲಕ್ಕೆ ಲಗೇಜು ಟಿಕೆಟ್ ಹರಿದಿದ್ದನಂತೆ. ಅದೇ ಸಿಟ್ಟು.

"ಶಿಲಿ ಅಂದ್ರ ಹೆಣ್ಣಲ್ಲೇನಪ್ಪ ಅಂತ ಕೇಳಿದೆ. ಆ ಕಂಡಕ್ಟರ್ ಏನಂದ ಗೊತ್ತದೇನು? 'ಅಮ್ಮಾ, ಇದು ಶಿಲೆ ಅಲ್ಲ, ಕಲ್ಲು. ಕಲ್ಲು ನಪುಂಸಕಲಿಂಗ. ವ್ಯಾಕರಣ ನಾನೂ ಓದೀನಿ' ಅಂದ!"

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ನಿಜವಾದ ವಿಷಯಕ್ಕೆ ಬಂದಳು. ಹಿಂದಿನ ದಿನ ಸೇಡಂ ಕಡೆಯ ಒಬ್ಬ ಮನುಷ್ಯ ಕಲ್ಲು ತುಂಬಿದ ಲಾರಿಯೊಂದಿಗೆ ಅತ್ತೆಯ ಅಂಗಡಿ ಮುಂದೆ ನಿಂತು ದಾರಿ ಕೇಳಿದ್ದ. ಅದೂ ಯಾರಂತೀರಿ? ಹತ್ತು ವರ್ಷದ ಹಿಂದೆ ತನ್ನ ಮನೆಗೆ ಅತ್ತೆಯ ಹತ್ತಿರವೇ ಕಲ್ಲು ಕೊಂಡವನು! ಈಗ ತಮ್ಮನ ಮನೆಗೆ ಬೇರೆ ಕಡೆ ಕೊಂಡಿದ್ದ. ಯಾಕೆಂದು ಕೇಳಿದರೆ, "ಫೋನಿನಾಗ ಹುಡುಕಿದೆ ಸಾವ್ಕಾರ್ತಿ. ನಿಮ್ಮ ಅಂಗಡಿ ಬರ್ಲೇ ಇಲ್ಲ. ಮುಚ್ಚಿರಬೇಕು ಅನ್ಕೊಂಡೆ" ಎಂದನಂತೆ.

"ನಾ ರೋಡಿಗೇ ಕುಂತೀನಿ. ಹೋಗೋರು ಬರೋರು ಎಲ್ಲಾರಿಗೂ ಕಾಣ್ತೀನಿ. ಫೋನಿನಾಗ ಇಲ್ಲಂದ್ರ ನಾ ಇಲ್ಲೇ ಇಲ್ಲೇನು?" ಎಂದು ಕೇಳಿದ ಅತ್ತೆಯ ದನಿ ಎಂದಿನಂತೆ ಗಟ್ಟಿಯಾಗಿರಲಿಲ್ಲ.

ವಿಷಯ ಅಷ್ಟೇ ಆಗಿರಲಿಲ್ಲ. ಊರಲ್ಲೆಲ್ಲ ಟೈಲ್ಸ್ ಬಂದು ಕಲ್ಲು ಕೇಳುವವರು ಕಡಿಮೆಯಾಗಿದ್ದರು. ಎರಡನೆಯ ಪಾಲಿಶ್ ಮಿಷಿನ್ ನಿಂತು ವರ್ಷದ ಮೇಲಾಗಿತ್ತು. ಅದನ್ನು ನಡೆಸುವ ಮೌಲಾಸಾಬ ಮಾಮಾನ ಕಾಲದಿಂದಲೂ ಇರುವ ಮಿಸ್ತ್ರಿ. ಹೈದರಾಬಾದಿನಲ್ಲಿ ಕೆಲಸವಿದೆ ಎಂದು ಅವರ ಷಡ್ಡಕ ಕರೆಯುತ್ತಿದ್ದ. ಮೌಲಾಸಾಬ ಹೋಗುತ್ತೇನೆ ಎಂದಿರಲಿಲ್ಲ, ಹೋಗುವುದಿಲ್ಲ ಎಂದೂ ಅಂದಿರಲಿಲ್ಲ.

"ಅಂವ ಹೋದ ಅಂದ್ರ ಮಿಷಿನ್ ಗುಜರಿಗಿ. ಮಿಷಿನ್ ಹಿಂದ ನಾನೂ. ಮಗಳೆ, ನನ್ನನ್ನ ಫೋನಿನಾಗ ಹಾಕು!"

ನಾನು ಪೆನ್ನು ಹಿಡಿದು, ವೆಬ್‌ಸೈಟಿನಲ್ಲಿ ಏನೇನು ಇರಬೇಕು ಹೇಳು ಎಂದೆ. ಇದು ನಾನು ಮಾಡಿದ ಮೊದಲ ತಪ್ಪು. ಮೊದಲು ಮನೆದೇವರ ಫೋಟೋ. ಅದರ ಪಕ್ಕ ಮಾಮಾನ ಫೋಟೋ, ಹಾರ ಹಾಕಿದ್ದು. ಮೇಲೆ ಲಗ್ನಪತ್ರಿಕೆಯಲ್ಲಿ ಇರುವಂತೆ ಏಳು 'ಪ್ರಸನ್ನ'ಗಳು. ಸುತ್ತಲೂ ಮಿಣಮಿಣ ಮಿನುಗುವ ದೀಪದ ಸರ. ತೆರೆದಕೂಡಲೇ ಶಹನಾಯಿ. ಅಡ್ಡಡ್ಡ ಓಡುವ ಸುಸ್ವಾಗತ. ಟೈಲ್ಸ್ ಯಾಕೆ ತಗೊಳ್ಳಬಾರದು ಎಂಬುದರ ಬಗ್ಗೆ ಕೆಂಪು ಅಕ್ಷರದಲ್ಲಿ ಎರಡು ಪುಟ!

"ಅತ್ತಿ, ಇದು ವೆಬ್‌ಸೈಟೋ, ಡೊಳ್ಳಿನ ಮೆರವಣಿಗಿಯೋ?" ಎಂದೆ. ಇಷ್ಟೆಲ್ಲ ತುಂಬಿದರೆ ಜನ ಓದುವುದಿಲ್ಲ, ಕಡಿಮೆ ಇದ್ದಷ್ಟೂ ಛಂದ ಎಂದು ತಿಳಿಸಿ ಹೇಳಿ ಕಳಿಸಿದೆ. ಆಕೆಗೆ ಅರ್ಧ ಮನಸ್ಸು. ನನಗೋ, ದೊಡ್ಡ ಊರಿನ ದೊಡ್ಡ ಅಂಗಡಿಗಳ ಸೈಟು ನೋಡಿ ನೋಡಿ ತಲೆ ತಿರುಗಿತ್ತು. ಎಂಟು ದಿನ ಕುಳಿತು ಒಂದು ಅದ್ಭುತ ಮಾಡಿದೆ. ಎಲ್ಲ ಬಿಳಿ ಬಿಳಿ. ಮೇಲೆ ಯಾವುದೋ ದೇಶದ ಬಂಗಲೆಯ ದಿವಾನಖಾನೆಯ ಚಿತ್ರ, ಅದು ಮೆಲ್ಲಗೆ ಸರಿದು ಇನ್ನೊಂದು ಬರುವಂತೆ. ನಡುವೆ ತೆಳ್ಳಗಿನ ಬೂದು ಅಕ್ಷರದಲ್ಲಿ 'ಶಿಲೆಯ ಮೌನ, ಮನೆಯ ಧ್ಯಾನ' ಎಂಬ ಒಂದೇ ಸಾಲು. ಬರೆದವಳು ನಾನೇ. ಅರ್ಥ ನನಗೂ ಗೊತ್ತಿಲ್ಲ.

ಭಂಕೂರಕ್ಕೆ ಹೋಗಿ ತೋರಿಸಿದೆ. ಅತ್ತೆ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಓರೆ ಮಾಡಿದಳು.

"ಈ ಮನಿ ಯಾರ್ದು?"

"ಯಾರ್ದೂ ಅಲ್ಲ ಅತ್ತಿ. ಛಂದ ಕಾಣ್ಲಿ ಅಂತ."

"ಸೋಫಾ ಛಂದ ಕಾಣ್ಲಿಕತ್ತದ. ನಾವು ಸೋಫಾ ಮಾರ್ತೀವೇನು? ನನ್ನ ಕಲ್ಲೆಲ್ಲಿ?"

"ಕೆಳಗ ಹೋದ್ರ ಬರ್ತದ."

"ಅಕ್ಷರ ಯಾಕ ಹಿಂಗ ಸೊರಗ್ಯಾವ? ಉಪಾಸ ಮಾಡ್ಲಿಕತ್ತಾವೇನು?"

ಮಾತು ಅಲ್ಲಿಗೇ ಬಿಡುವವಳಲ್ಲ. ಎದ್ದು ನನ್ನನ್ನು ಕಲ್ಲಿನ ಖಣಿಗೆ ಕರೆದುಕೊಂಡು ಹೋದಳು. ಆವತ್ತು ಮೌಲಾಸಾಬ ಅಲ್ಲಿ ಕಲ್ಲು ಆರಿಸುತ್ತಿದ್ದರು. ಹನ್ನೆರಡರ ಬಿಸಿಲು, ಸುತ್ತಲೂ ಬಿಳಿ ಧೂಳು. "ಮೌಲಾಸಾಬ್, ನಿನ್ನ ಫೋನ್ ತಗಿ. ಇಕಿ ಮಾಡಿದ್ದು ನೋಡು" ಎಂದಳು. ಮೌಲಾಸಾಬ ಕೈ ಒರೆಸಿಕೊಂಡು, ಗಾಜು ಒಡೆದು ಜೇಡರ ಬಲೆಯಂತಾಗಿದ್ದ ಹಳೆಯ ಫೋನು ತೆಗೆದರು. ಅಲ್ಲಿ ಸಿಗ್ನಲ್ಲು ಒಂದೇ ಕಡ್ಡಿ. ಒತ್ತಿದರು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ತಿರುಗಿತು. ತಿರುಗುತ್ತಲೇ ಇತ್ತು.

ಮೌಲಾಸಾಬ ಫೋನನ್ನು ಕಲ್ಲಿನ ಮೇಲೆ ಇಟ್ಟು ಬುತ್ತಿ ಬಿಚ್ಚಿದರು. ಎರಡು ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಊಟ ಮುಗಿಸಿ ಕೈ ತೊಳೆದು ಬಂದು ನೋಡಿ, ನನ್ನ ಮನಸ್ಸು ನೋಯಬಾರದೆಂದು ಭಾಳ ಮೆತ್ತಗೆ ಹೇಳಿದರು. "ಬೇಟಿ, ಗಿರಣಿ ಭಾಳ ಛಲೋ ತಿರಗಾಕತ್ತದ. ಹಿಟ್ಟೇ ಬೀಳಾಕತ್ತಿಲ್ಲ."

ಕೊನೆಗೂ ಅದು ತೆರೆಯಿತು. ಆದರೆ ಆ ಬಿಸಿಲಿನಲ್ಲಿ ನನ್ನ ಬೂದು ಅಕ್ಷರಗಳು ಪೂರ್ತಿ ಮಾಯ. ಫೋನ್ ನಂಬರು ಮೂಲೆಯಲ್ಲಿ ಇರುವೆಯಷ್ಟು. ಅದನ್ನು ಒತ್ತಲು ಮೌಲಾಸಾಬ ತಮ್ಮ ಹೆಬ್ಬೆರಳು ಇಟ್ಟರೆ, ಕಲ್ಲು ಎತ್ತಿ ಎತ್ತಿ ಅಗಲವಾದ ಆ ಬೆರಳಿಗೆ ಅಕ್ಕಪಕ್ಕದ ನಾಲ್ಕೂ ಒತ್ತಿ, ಏನೇನೋ ತೆರೆದು, ಕೊನೆಗೆ ಫೋನೇ ನಿಂತುಹೋಯಿತು. ಅತ್ತೆ ನನ್ನ ಕಡೆ ನೋಡಿದಳು. ನಿಂತುಹೋದ ಫೋನಿನ ಧೂಳನ್ನು ಸೆರಗಿನಿಂದ ಒರೆಸಿ ಮೌಲಾಸಾಬರಿಗೆ ವಾಪಸು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು!

ನನಗೆ ಸಿಟ್ಟು ಬಂತು. ಮನುಷ್ಯರಿಗೆ ತಮ್ಮ ತಪ್ಪಿಗೆ ಬರುವಷ್ಟು ಸಿಟ್ಟು ಬೇರೆಯವರ ತಪ್ಪಿಗೆ ಬರುವುದಿಲ್ಲ. 'ನಿನ್ನ ಇಷ್ಟದಂತೆಯೇ ಆಗಲಿ, ತಗೋ' ಎಂದುಕೊಂಡು ಮೊದಲ ದಿನ ಆಕೆ ಹೇಳಿದ್ದನ್ನೆಲ್ಲ ಹಾಕಿದೆ. ದೇವರು, ಮಾಮಾ, ಪ್ರಸನ್ನಗಳು, ದೀಪದ ಸರ, ಶಹನಾಯಿ, ಒಂದನ್ನೂ ಬಿಡಲಿಲ್ಲ. ಹೆಸರು ಏನಿಡಲಿ ಎಂದು ಫೋನಿನಲ್ಲಿ ಕೇಳಿದರೆ, "ನಮ್ದು ಕಲ್ಲಿನ ಅಂಗಡಿ. ಸೀದಾ ಕಲ್ಲಂಗಡಿ ಅಂತ ಇಡು" ಎಂದಳು. ಸಿಟ್ಟಿನಲ್ಲಿದ್ದವಳಿಗೆ ಯೋಚನೆ ಎಲ್ಲಿಂದ ಬರಬೇಕು? 'ಭಂಕೂರ ಕಲ್ಲಂಗಡಿ' ಎಂದು ಇಟ್ಟೇಬಿಟ್ಟೆ.

ಮಾರ್ಚ್ ತಿಂಗಳು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿರಬಹುದು. ಮೂರನೆಯ ದಿನವೇ ಅತ್ತೆಗೆ ಮೊದಲ ಫೋನು ಬಂತು. ನಾನು ಪಕ್ಕದಲ್ಲೇ ಇದ್ದೆ.

"ಮಾಲು ಹ್ಯಾಂಗದರಿ?" ಎಂದಿತು ಆಚೆಯ ದನಿ.

"ಭಾಳ ಛಲೋ ಅದಪ್ಪ. ಬಡದು ನೋಡಿ ಕೊಡ್ತೀನಿ."

"ನಾವೂ ಬಡದು ನೋಡೇ ತಗೋತೀವ್ರಿ. ಒಳಗ ಕೆಂಪ ಇರ್ತದೇನ್ರಿ?"

"ಕೆಂಪ್ಯಾಕ ಇರ್ತದ? ಒಳಗ ಹೊರಗ ಎಲ್ಲಾ ಒಂದೇ ಬಣ್ಣ. ನೀಲಿ-ಬೂದಿ."

ಆಚೆಯವನು ಪಕ್ಕದವನಿಗೆ ಏನೋ ಪಿಸುಗುಟ್ಟಿ ಮತ್ತೆ ಕೇಳಿದ. "ಬೀಜ?"

"ನಿನ್ನ ತಲಿ! ಕಲ್ಲಿನಾಗ ಎಲ್ಲಿಂದ ಬರ್ಬೇಕೋ ಬೀಜ?"

ಹಣ್ಣಿನ ಗಾಡಿಯವರು, ಜ್ಯೂಸ್ ಅಂಗಡಿಯವರು, ಮದುವೆಯ ಊಟದ ಗುತ್ತಿಗೆಯವರು, ಎಲ್ಲರೂ ಫೋನು ಮಾಡಿದರು. ಒಬ್ಬನಂತೂ ಟೆಂಪೋ ತೆಗೆದುಕೊಂಡು ಬಂದೇಬಿಟ್ಟ! ಅತ್ತೆ ಅವನನ್ನು ಮಾತಾಡಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಅವನ ಮನೆಯ ನೆಲದ ವಿಷಯ ಕೇಳಿ, ಎರಡು ಕಟ್ಟೆಗಲ್ಲು ಹೇರಿ ಕಳಿಸಿದಳು. ಹಣ್ಣಿಗೆ ಬಂದವನು ಕಲ್ಲು ಒಯ್ದ! ಹಾಗಾಗಿ ಹೆಸರು ಬದಲಿಸಲು ಆಕೆ ಒಪ್ಪಲಿಲ್ಲ.

ಒಪ್ಪಿಸಿದ್ದು ಶಹನಾಯಿ. ಸಂಭ್ರಮ ತಡೆಯಲಾರದೆ ಅತ್ತೆ ತನ್ನ ಫೋನಿನಲ್ಲಿ ಇದ್ದವರಿಗೆಲ್ಲ ಸೈಟಿನ ಕೊಂಡಿ ಕಳಿಸಿದ್ದಳು. ದನದ ಡಾಕ್ಟರು, ಗ್ಯಾಸ್ ಸಿಲಿಂಡರಿನವನು, ಯಾರನ್ನೂ ಬಿಟ್ಟಿರಲಿಲ್ಲ. ಅವರಲ್ಲಿ ಚಿಮ್ಮನಚೋಡದ ಒಬ್ಬ ಮಾಸ್ತರರೂ ಇದ್ದರು, ಹಿಂದೆ ಕಲ್ಲು ಕೊಂಡವರು. ಅವರು ಆವತ್ತು ಓಣಿಯ ಹಿರಿಯರೊಬ್ಬರು ತೀರಿಕೊಂಡ ಮನೆಯಲ್ಲಿ ಕುಳಿತಿದ್ದರು. ಗೋಳು ಸ್ವಲ್ಪ ನಿಂತು ಎಲ್ಲರೂ ಸುಮ್ಮನಿದ್ದ ಹೊತ್ತು. ಯಾರ ಸಂದೇಶವಪ್ಪಾ ಎಂದು ಒತ್ತಿದರು. ತುಂಬಿದ ಸಾವಿನ ಮನೆಯಲ್ಲಿ, ಮದುವೆಯ ಅಕ್ಕಿಕಾಳು ಬೀಳುವ ಹೊತ್ತಿನ ಶಹನಾಯಿ ಮೊಳಗಿತು! ನಿಲ್ಲಿಸಲು ಗುಂಡಿ ಹುಡುಕಿದರೆ ಅದು ಇರಲೇ ಇಲ್ಲ, ಏಕೆಂದರೆ ನಾನು ಇಟ್ಟಿರಲಿಲ್ಲ. ಫೋನನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಶಹನಾಯಿ ತೊಡೆಯ ಕೆಳಗಿನಿಂದ ಬಂತು. ಸಂಜೆ ಅತ್ತೆಗೆ ಫೋನು ಮಾಡಿ ಹೇಳಿದರಂತೆ. "ಸಾವ್ಕಾರ್ತಿ, ಕುಂತೋರೆಲ್ಲಾ ಎದ್ದು ನಿಂತ್ರು. ಮಲಗಿದ್ದಂವ ಒಬ್ಬ ಏಳಲಿಲ್ಲ ನೋಡ್ರಿ!"

ಮಾಸ್ತರರು ನಗುತ್ತಲೇ ಹೇಳಿದ್ದರು. ಅತ್ತೆ ನಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ಚಿಂಚೋಳಿ ದಾರಿ ಹಿಡಿದು ಚಿಮ್ಮನಚೋಡಕ್ಕೆ ಹೋಗಿ, ಆ ಮನೆಯವರ ಎದುರು ಕೈ ಮುಗಿದು ತಪ್ಪಾಯಿತು ಎಂದು ಹೇಳಿ ಬಂದಳು. ಅಲ್ಲಿಂದ ನೇರವಾಗಿ ನನ್ನ ಹತ್ತಿರ ಬಂದು ಕುಳಿತಳು.

"ಎಲ್ಲಾ ತಗಿ. ನಂದೂ ತಗಿ, ನಿಂದೂ ತಗಿ."

"ಮತ್ತ ಏನ್ ಹಾಕೋಣು?"

"ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗಿರಾಕಿಗಿ ಗೊತ್ತದ. ನಾಳಿ ಬಂದು ಅಂಗಡ್ಯಾಗ ಬಾಯಿ ಮುಚ್ಕೊಂಡು ಕುಂದ್ರು. ಬಂದೋರು ಏನ್ ಕೇಳ್ತಾರ, ಅದಷ್ಟೇ ಬರ್ಕೋ."

ಬೇವಿನ ಮರದ ಕೆಳಗೆ ಇಡೀ ದಿನ ಬಾಯಿ ಮುಚ್ಚಿಕೊಂಡು ಕುಳಿತೆ. ಹನ್ನೊಂದು ಜನ ಬಂದರು. ಒಬ್ಬರೂ ಶಿಲೆಯ ಮೌನದ ಬಗ್ಗೆ ಕೇಳಲಿಲ್ಲ! ಯಾವ ಯಾವ ಕಲ್ಲು ಇದೆ, ಎಷ್ಟು ದಪ್ಪ, ಊರಿಗೆ ಕಳಿಸುತ್ತೀರಾ, ಹಾಸಲು ಮನುಷ್ಯರನ್ನು ಕೊಡುತ್ತೀರಾ, ನೀರು ಬಿದ್ದರೆ ಬಣ್ಣ ಹೇಗೆ ಕಾಣುತ್ತದೆ. ತಿರುಗಿ ಮುರುಗಿ ಇವೇ ಪ್ರಶ್ನೆ. ನಾಲ್ಕು ವರ್ಷ ಕಂಪ್ಯೂಟರ್ ಕಲಿಸಿದ ನನಗೆ ಈ ಐದು ಪ್ರಶ್ನೆ ಹೊಳೆದಿರಲಿಲ್ಲ. ಅತ್ತೆ ಅವುಗಳಿಗೆ ಉತ್ತರ ಕೊಡುತ್ತಲೇ ಮುದುಕಿಯಾಗಿದ್ದಳು.

ಸೈಟು ಮತ್ತೆ ಹೊಸದಾಗಿ ಶುರುವಾಯಿತು. ತೆರೆದಕೂಡಲೇ ದಪ್ಪ ಕಪ್ಪು ಅಕ್ಷರದಲ್ಲಿ 'ಭಂಕೂರ ಫರಸಿ ಕಲ್ಲು', ಅದರ ಕೆಳಗೆ 'ಫೋನ್ ಮಾಡ್ರಿ' ಎಂಬ ಹಸಿರು ಗುಂಡಿ. ಗುಂಡಿಯ ಅಳತೆ ಮೌಲಾಸಾಬರ ಹೆಬ್ಬೆರಳು. ಅವರನ್ನು ಕೂರಿಸಿಕೊಂಡು, ಅವರು ಕಣ್ಣು ಮುಚ್ಚಿ ಒತ್ತಿದರೂ ತಪ್ಪದಷ್ಟು ದೊಡ್ಡದಾಗುವವರೆಗೆ ಹಿಗ್ಗಿಸಿದೆ. ಪರದೇಶದ ಬಂಗಲೆ ಹೋಗಿ ಅತ್ತೆಯ ಕಲ್ಲುಗಳೇ ಬಂದವು. ಪ್ರತಿ ಕಲ್ಲಿನ ಅರ್ಧ ಭಾಗಕ್ಕೆ ನೀರು ಹಾಕಿ, ಅರ್ಧ ಒಣಗಿದ್ದಂತೆಯೇ ಬಿಟ್ಟು ಫೋಟೋ ತೆಗೆದೆವು. ದಪ್ಪ ಗೊತ್ತಾಗಲೆಂದು ಅತ್ತೆ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಚಿತ್ರಗಳನ್ನು ಎಷ್ಟು ಹಗುರ ಮಾಡಿದೆನೆಂದರೆ ಖಣಿಯ ಒಂದು ಕಡ್ಡಿ ಸಿಗ್ನಲ್ಲಿಗೆ ಮೌಲಾಸಾಬರು ಬುತ್ತಿಯ ಗಂಟು ಬಿಚ್ಚುವುದರೊಳಗೆ ಸೈಟು ತೆರೆದುಕೊಂಡಿತು.

"ಅರೇ, ಊಟಕ್ಕೂ ಬಿಡಂಗಿಲ್ಲ ಇದು!" ಎಂದರು ಮೌಲಾಸಾಬ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಈವರೆಗೆ ಸಿಕ್ಕಿಲ್ಲ.

ಬರಹವನ್ನು ಅತ್ತೆ ಹೇಳಿದಳು, ನಾನು ಟೈಪು ಮಾಡಿದೆ. "ಬ್ಯಾಸಗಿಯಾಗ ಈ ಕಲ್ಲು ತಣ್ಣಗ ಇರ್ತದ. ನಿಂಬಿಹಣ್ಣಿನ ರಸ ಬಿದ್ರ ಬಿಳಿ ಕಲಿ ಬೀಳ್ತದ, ಹೋಗಂಗಿಲ್ಲ. ಮೊದಲೇ ಹೇಳೀವಿ, ಆಮ್ಯಾಲ ಬೈಬ್ಯಾಡ್ರಿ. ಮಧ್ಯಾಹ್ನ ಒಂದರಿಂದ ಎರಡು ಊಟದ ಟೈಮ, ಫೋನ್ ಎತ್ತಂಗಿಲ್ಲ." ಆಮೇಲೆ ಒಂದು ಇಡೀ ಪುಟಕ್ಕೆ ಆಕೆ ಕೊಟ್ಟ ತಲೆಬರಹ: 'ಈ ಕಲ್ಲು ಯಾರು ತಗೋಬಾರದು'!

"ಅತ್ತಿ, ಹಿಂಗ ಬರದ್ರ ಗಿರಾಕಿ ಓಡಿ ಹೋಗ್ತಾರ."

"ಓಡೋರು ಮೊದಲೇ ಓಡ್ಲಿ ಮಗಳೆ. ಟ್ರ್ಯಾಕ್ಟರ್ ತುಂಬಿದ ಮ್ಯಾಲ ಓಡಿದ್ರ ಭಾಳ ತ್ರಾಸ."

ಸೈಟು ಬಿಟ್ಟೆವು. ಒಂದು ದಿನ ಹೋಯಿತು, ಎರಡು ದಿನ, ಒಂದು ವಾರ. ಒಂದೂ ಫೋನು ಇಲ್ಲ. ಕಲ್ಲಂಗಡಿ ಕೇಳುವವರೂ ಇಲ್ಲ! ಅತ್ತೆ ದಿನಾ ಬೆಳಿಗ್ಗೆ ನನಗೆ ಫೋನು ಮಾಡಿ, "ಬಾಗಲಾ ತಗದದ ಹೌದಿಲ್ಲೋ ನೋಡು" ಎನ್ನುತ್ತಿದ್ದಳು. ತೆರೆದಿದೆ ಎನ್ನುತ್ತಿದ್ದೆ. ನನ್ನ ಎದೆಯಲ್ಲಿ ಮಾತ್ರ ದಬ್ ದಬ್. ಮೌಲಾಸಾಬರ ಷಡ್ಡಕ ಮತ್ತೆ ಕರೆದಿದ್ದ. ಈ ಸಲ ಅವರು ಹಬ್ಬ ಮುಗಿಸಿ ಬರುತ್ತೇನೆ ಎಂದುಬಿಟ್ಟಿದ್ದರು.

ಒಂಬತ್ತನೆಯ ದಿನ ಒಂದು ಫೋನು ಬಂತು. ಚಿಂಚೋಳಿ ಕಡೆಯ ಒಂದು ಹಳ್ಳಿಯಿಂದ, ಅಲ್ಲಿನ ಆಸ್ಪತ್ರೆಯ ನರ್ಸಮ್ಮ ಒಬ್ಬಾಕೆ. ಊರವರೆಲ್ಲ ಸೇರಿ ಒಂದು ಬುದ್ಧವಿಹಾರ ಕಟ್ಟುತ್ತಿದ್ದರು. ಪಕ್ಕದಲ್ಲೇ ಮಕ್ಕಳು ಓದಲು ಒಂದು ದೊಡ್ಡ ಹಾಲು. ಎರಡಕ್ಕೂ ನೆಲ ಬೇಕಿತ್ತು. ಅತ್ತೆ ಫೋನಿನಲ್ಲಿ ಮಾತಾಡುವುದು ಕಾಗಿಣಾ ನದಿಯ ಆಚೆ ದಡದವರಿಗೆ ಕೇಳಿಸುವಂತೆ. ಹಾಗಾಗಿ ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಕೇಳುತ್ತಿದ್ದರಂತೆ.

"ಇಷ್ಟು ಮಂದಿ ಕಲ್ಲು ಮಾರ್ತಾರಲ್ಲವ್ವ, ನಮಗೇ ಯಾಕ ಫೋನ್ ಮಾಡಿದಿ?"

"ಕಲಿ ಬೀಳ್ತದಂತ ನೀವೇ ಬರದೀರಲ್ರಿ ಅಮ್ಮಾ. ಉಳಿದೋರೆಲ್ಲಾ ತಮ್ಮ ಮಾಲಿಗಿ ಏನೂ ಆಗಂಗಿಲ್ಲ ಅಂತಾರ. ಖರೇ ಹೇಳೋರ ಹತ್ರ ತಗೋಬೇಕಂತ ನಮ್ಮ ಓಣಿ ಹೆಣ್ಮಕ್ಕಳು ಅಂದ್ರು. ಹೆಂಗೂ ನಮ್ಮ ವಿಹಾರದಾಗ ಯಾರೂ ನಿಂಬಿಹಣ್ಣ ಹಿಂಡಂಗಿಲ್ಲ."

ಅತ್ತೆ ತಕ್ಷಣ ಹೂಂ ಎಂದಳೆಂದು ತಿಳಿಯಬೇಡಿ. ಎಷ್ಟು ಜನ ಕೂಡುತ್ತಾರೆ, ಮುದುಕರು ಎಷ್ಟು, ಮಕ್ಕಳು ನೆಲದ ಮೇಲೆ ಕುಳಿತು ಓದುತ್ತಾರೋ ಬೆಂಚಿನ ಮೇಲೋ ಎಂದೆಲ್ಲ ವಿಚಾರಣೆ ನಡೆಸಿ, ಮೆಟ್ಟಿಲಿಗೆ ಒರಟು, ಒಳಗೆ ಪಾಲಿಶ್ ಎಂದು ತಾನೇ ತೀರ್ಮಾನಿಸಿದಳು. ಕಲ್ಲು ಎಷ್ಟೆಂದು ಲೆಕ್ಕ ಹಾಕಿದ ಮೌಲಾಸಾಬರು ಎದ್ದು ಹೋಗಿ, ವರ್ಷದಿಂದ ನಿಂತಿದ್ದ ಎರಡನೆಯ ಮಿಷಿನ್ನಿನ ಮೇಲಿನ ಗೋಣಿತಾಟು ಎಳೆದು ಹಾಕಿದರಂತೆ. ಆ ಕೆಲಸ ಮುಗಿಯುವುದರೊಳಗೆ ಸೇಡಮ್ಮಿನಿಂದ ಇನ್ನೊಂದು ಬಂತು, ವಾಡಿಯಿಂದ ಮತ್ತೊಂದು. ಹಬ್ಬ ಬಂತು, ಹೋಯಿತು. ಮೌಲಾಸಾಬರು ಹೈದರಾಬಾದಿಗೆ ಹೋಗಿದ್ದೂ ನಿಜ, ಎರಡು ದಿನ ಬಿರಿಯಾನಿ ತಿಂದು ಮಿಷಿನ್ನಿಗೆ ಹೊಸ ಬೆಲ್ಟು ತೆಗೆದುಕೊಂಡು ವಾಪಸು ಬಂದಿದ್ದೂ ನಿಜ.

ಈಗ ಅತ್ತೆ ನಮ್ಮ ಸೀಮೆಯ ವೆಬ್‌ಸೈಟ್ ಪಂಡಿತೆ! ಶಹಾಬಾದದ ಮಿಠಾಯಿ ಅಂಗಡಿಯವರು, ವಾಡಿಯ ಹೊಲಿಗೆಯವರು ನನ್ನ ಹತ್ತಿರ ಬರುವ ಮೊದಲು ಬೇವಿನ ಮರದ ಕೆಳಗೆ ಹೋಗಿ ಬರುತ್ತಾರೆ. "ಅಂಗಡಿ ಮುಂದ ಕಸ ಇಟ್ಕೋಬ್ಯಾಡ್ರಿ. ಏನ್ ಮಾರ್ತೀರಿ ಅದನ್ನ ಮೊದಲ ಹೇಳ್ರಿ. ಬ್ಯಾರೆಯೋರ ಮಾಲಿನ ಫೋಟೋ ಹಾಕಬ್ಯಾಡ್ರಿ. ಬಿಸಲಾಗ ನಿಂತು ಓದಿ ನೋಡ್ರಿ" ಎಂದು ಆಕೆ ಉಪದೇಶ ಮಾಡುತ್ತಾಳೆ. ಇದನ್ನೇ ನಾನು ಕ್ಲಾಸಿನಲ್ಲಿ ಎರಡು ತಿಂಗಳು ಕಲಿಸಿ ಫೀಸು ತೆಗೆದುಕೊಳ್ಳುತ್ತೇನೆ. ಮಿಠಾಯಿಯವರಿಗಂತೂ, ಸಕ್ಕರೆ ಕಾಯಿಲೆಯವರು ತಿನ್ನಬಾರದೆಂದು ದೊಡ್ಡದಾಗಿ ಬರೆಯಬೇಕೆಂದು ಗಂಟುಬಿದ್ದಿದ್ದಾಳೆ. ಪಾಪ, ಅವರು ಇನ್ನೂ ಯೋಚಿಸುತ್ತಿದ್ದಾರೆ.

ಹೋದ ತಿಂಗಳು ಸೈಟು ನೋಡುತ್ತಿದ್ದಾಗ 'ನಮ್ಮ ಬಗ್ಗೆ' ಎಂಬ ಪುಟ ಇನ್ನೂ ಖಾಲಿ ಇರುವುದು ಕಣ್ಣಿಗೆ ಬಿತ್ತು. ಭಂಕೂರಕ್ಕೆ ಹೋಗಿ ಆಕೆಯ ಎದುರು ಕುಳಿತು, ಹೇಳು ಎಂದೆ. ಅತ್ತೆ ಮೌಲಾಸಾಬರಿಂದ ಶುರು ಮಾಡಿದಳು. ಕಣ್ಣು ಮುಚ್ಚಿ ಪಾಲಿಶ್ ಹಿಡಿಯಬಲ್ಲವರು ಎಂದು ಬರೆಸಿದಳು. ಆಮೇಲೆ ಹಣಮಂತ, ಕಲ್ಲು ಎಬ್ಬಿಸುವಾಗ ಹಾಡು ಹೇಳುತ್ತಿದ್ದವನು, ಈಗ ಇಲ್ಲ. ನಾಗಮ್ಮ, ತಲೆಯ ಮೇಲೆ ಚಪ್ಪಡಿ ಹೊತ್ತು ನಡೆದರೆ ನೀರಿನ ಕೊಡ ಹೊತ್ತಂತೆ ಕಾಣುತ್ತಿದ್ದವಳು. ಇಪ್ಪತ್ತಮೂರು ಹೆಸರು. ಒಂದನ್ನೂ ತಡವರಿಸಲಿಲ್ಲ. ಮಾಮಾನ ಹೆಸರೂ ಅವುಗಳಲ್ಲೇ ಬಂತು. ಅಲ್ಲಿಗೆ ಮುಗಿಯಿತು ಎಂದಳು.

"ನಿನ್ನ ಹೆಸರು?"

"ಸಾವ್ಕಾರ್ತಿ ಅಂತ ಬರಿ."

"ಅದು ಹೆಸರಲ್ಲ ಅತ್ತಿ."

"ಹಂಗಾರ ನಿಮ್ಮ ಅತ್ತಿ ಅಂತ ಬರಿ. ಎಲ್ಲಾರೂ ಹಂಗೇ ಅಂತಾರಲ್ಲ."

ನಿಜವೇ. ಅಪ್ಪನಿಗೆ ಆಕೆ ಅಕ್ಕ, ನಮಗೆಲ್ಲ ಅತ್ತೆ, ಕೆಲಸದವರಿಗೂ ಹಳೆಯ ಗಿರಾಕಿಗಳಿಗೂ ಸಾವ್ಕಾರ್ತಿ, ಹೊಸ ಗಿರಾಕಿಗಳಿಗೆ ಅಮ್ಮ. ಮಾಮಾ ಬದುಕಿದ್ದಾಗ 'ಏ, ಕೇಳಿಸ್ತೇನು' ಎಂದಷ್ಟೇ ಕರೆಯುತ್ತಿದ್ದರು. ನನಗೆ ಆಕೆಯ ಹೆಸರು ಗೊತ್ತಿದ್ದುದು ಆಧಾರ್ ಕಾರ್ಡಿನಿಂದ. ಇಪ್ಪತ್ತನಾಲ್ಕನೆಯದಾಗಿ ಅದನ್ನು ಬರೆದು ಫೋನನ್ನು ಆಕೆಯ ಕೈಗೆ ಕೊಟ್ಟೆ.

ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ದಾಟುತ್ತ ಹೋದಳು. ಕೊನೆಯ ಅಕ್ಷರದ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಮಿಷಿನ್ನುಗಳು ಓಡುತ್ತಿದ್ದವು.

"ನಮ್ಮ ಅವ್ವ ಹೋದ ಮ್ಯಾಲ ಈ ಹೆಸರು ಯಾರ ಬಾಯಾಗೂ ಬಂದಿಲ್ಲ ನೋಡು" ಎಂದಳು. ಆಮೇಲೆ ಫೋನು ನನ್ನ ಕಡೆ ಚಾಚಿ, "ನೀ ಓದು. ಜರಾ ಜೋರಾಗಿ ಓದು" ಎಂದಳು.

ಹಿರಿಯರ ಹೆಸರು ಹಿಡಿಯಬಾರದೆಂದು ಕಲಿತು ಬೆಳೆದ ನಾಲಿಗೆ ನನ್ನದು. ಆದರೂ ಎದ್ದು ನಿಂತು, ಆ ಸದ್ದಿನ ಮೇಲೆ ಕೇಳಿಸುವಂತೆ, ಅತ್ತೆಯ ಹೆಸರನ್ನು ಪೂರ್ತಿಯಾಗಿ ಓದಿದೆ.

"ಓ..." ಎಂದಳು ಅತ್ತೆ, ಯಾರೋ ಅಂಗಳದಿಂದ ಕರೆದಂತೆ.